ಬಚ್ಚಲಿಗೆ ಬಾರದ ನೆಂಟರು

ಇರುವೆಗಳನ್ನು ಓಡಿಸುವುದಕ್ಕಾಗಿ ಬಚ್ಚಲುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಗಂಡಸರು ಭೂಮಂಡಲದಲ್ಲಿ ಲೆಕ್ಕವಿಲ್ಲದಷ್ಟು ಸಿಕ್ಕಾರು. ಒಂದಾದರೂ ಬರಲಪ್ಪಾ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು ಪಾಕದಣ್ಣ ಒಬ್ಬನೇ ಇರಬೇಕು. ಮೋರಿಯ ಜಾಲರಿಗೆ ಮೂಗು ತಗಲುವಷ್ಟು ಬಗ್ಗಿದ್ದ. ನಿನ್ನೆ ಸಂಜೆ ಅಡುಗೆಮನೆಯಿಂದ ಕದ್ದು ತಂದು ಮೂಲೆಯಲ್ಲಿ ಉದುರಿಸಿದ್ದ ಸಕ್ಕರೆ ಒದ್ದೆಗೆ ಕರಗಿ ಹೇಳಹೆಸರಿಲ್ಲದಂತೆ ಹೋಗಿತ್ತು. ಹೊಸ್ತಿಲಿನ ಬಿರುಕು, ಒಂದು ಕಾಲಕ್ಕೆ ಅದರೊಳಗಿಂದ ದಂಡಿಗೆ ದಂಡೇ ಹೊರಡುತ್ತಿತ್ತು, ಈಗ ಬರೀ ಬಿರುಕಾಗಿತ್ತು. ಬಕೆಟ್ಟನ್ನು ಸರಿಸಿ ನೋಡಿದ. ಗೋಡೆಯ ಬುಡದಲ್ಲಿ ಒಂದು ಕರಿಯ ಗೆರೆ ಕಂಡು ಎದೆ ಹಾರಿತು. ಬೆರಳ ತುದಿಯಿಂದ ಒತ್ತಿ ಮೇಲಕ್ಕೆತ್ತಿದ, ಬೆಳಕಿಗೆ ಹಿಡಿದು ನೋಡಿದರೆ ಹೆಂಡತಿಯ ಹೊಲಿಗೆಯಿಂದ ಉದುರಿದ ದಾರದ ಚೂರು. ಮುಟ್ಟಿದ್ದು ದಾರವೋ ಇರುವೆಯೋ ಎಂದು ಹೇಳಲಾರದ ಆ ಬೆರಳನ್ನು, ಯಾರೋ ನೋಡಿಬಿಟ್ಟರು ಎಂಬಂತೆ, ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ರೀ, ಒಳಗೆ ಏನು ಬಾವಿ ತೋಡ್ತಿದೀರಾ?" ಹೊರಗಿನಿಂದ ಹೆಂಡತಿ ಕೇಳಿದಳು.

"ಬಂದೆ ಕಣೇ. ಮೋರಿ ಸ್ವಲ್ಪ ಕಟ್ಕೊಂಡ ಹಾಗಿದೆ."

"ಎಲ್ಲಿ ಕಟ್ಕೊಂಡಿದೆ? ನೆನ್ನೆ ನಾನೇ ಉಜ್ಜಿದೀನಿ."

ಅವನು ಒಂದು ಚೊಂಬು ನೀರನ್ನು ಸುಮ್ಮನೆ ಸದ್ದಾಗುವಂತೆ ಸುರಿದ. ಆ ನೀರು ಎಷ್ಟು ತೆಳ್ಳಗಿತ್ತೆಂದರೆ ನೋಡಿ ನಾಚಿಕೆಯಾಯಿತು. ಅವನ ಮೈಮೇಲಿಂದ ಇಳಿಯುತ್ತಿದ್ದ ನೀರಿಗೆ ಒಂದು ಕಾಲದಲ್ಲಿ ಮೈಕಟ್ಟು ಇತ್ತು. ಪೆಪ್ಪರ್‌ಮಿಂಟ್ ಕಾರ್ಖಾನೆಯ ಕೊಪ್ಪರಿಗೆಯ ಮುಂದೆ ಹಗಲೆಲ್ಲ ನಿಂತು ಸಂಜೆ ಮನೆಗೆ ಬಂದು ಮೊದಲ ಚೊಂಬು ಹೊಯ್ದುಕೊಂಡರೆ ಸಾಕು, ಕೆಳಗೆ ಲೋಟ ಹಿಡಿದವನಿಗೆ ಶರಬತ್ತು ಸಿಗುತ್ತಿತ್ತು. ರೆಪ್ಪೆಯಲ್ಲಿ ಸಕ್ಕರೆ, ಕಿವಿಯ ಹಿಂದೆ ಸಕ್ಕರೆ, ಮೊಣಕೈ ಮಡಿಚಿದರೆ ಕರಕರ ಎನ್ನುವ ಸಕ್ಕರೆ. ಇರುವೆಗಳು ಏಳು ಊರು ದಾಟಿ ಬರುತ್ತಿದ್ದವು. ಬೇರೆ ಮನೆಗಳ ಇರುವೆಗಳು ಹುಟ್ಟಿದ ಮಕ್ಕಳಿಗೆ ಈ ಬಚ್ಚಲಿನ ದಾರಿಯನ್ನೇ ಮೊದಲ ಪಾಠವಾಗಿ ಹೇಳಿಕೊಡುತ್ತಿದ್ದವೆಂದು ಅವನು ಎಲ್ಲರಿಗೂ ಹೇಳುತ್ತಿದ್ದ, ಕೊನೆಗೆ ತಾನೂ ನಂಬಿದ್ದ. ಮದುವೆಯಾದ ವಾರದಿಂದಲೇ ಹೆಂಡತಿ ಯುದ್ಧ ಹೂಡಿದಳು. ಬಿಸಿನೀರು, ಉಪ್ಪು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಇರುವೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು; ಆ ಗೆರೆಗಳನ್ನು ನೋಡಿದರೆ ಬಚ್ಚಲು ಎರಡು ದೇಶಗಳ ಗಡಿಯಂತೆ ಕಾಣುತ್ತಿತ್ತು. "ಬಂದ್ರು ನೋಡಿ ನಿಮ್ಮ ನೆಂಟರು" ಎಂದು ಅವಳು ಪೊರಕೆ ಎತ್ತಿಕೊಂಡರೆ, "ನಮ್ಮ ಕಡೆಯೋರು ಇಷ್ಟು ಶಿಸ್ತಾಗಿ ಬರಲ್ಲ. ಊಟಕ್ಕೆ ಸಾಲುಗಟ್ಟಿರೋ ರೀತಿ ನೋಡಿದ್ರೆ ನಿನ್ನ ತೌರಿನೋರೇ" ಎಂದು ಇವನು. ಒಂದೇ ಮಾತು, ಒಂದೇ ಪೊರಕೆ, ಹಳಸಲಿಲ್ಲ. ಎದುರುಮನೆಯ ನರ್ಸಮ್ಮ ಒಮ್ಮೆ ದನಿ ತಗ್ಗಿಸಿ, "ಬಚ್ಚಲಿಗೆ ಇರುವೆ ಮುತ್ತುತ್ತೆ ಅಂದ್ರೆ ನಿಮ್ಮೋರಿಗೆ ಸಕ್ಕರೆ ಕಾಯಿಲೆ ಇರಬೋದು, ಒಂದ್ಸಲ ತೋರಿಸಿ" ಎಂದಿದ್ದಳು. ಅದಕ್ಕೆ ಹೆಂಡತಿ ಬೀದಿಗೆಲ್ಲ ಕೇಳುವಂತೆ, "ಕಾಯಿಲೆ ಅಲ್ಲಮ್ಮ, ಕಸುಬು" ಎಂದುಬಿಟ್ಟಳು. ಒಳಗೆ ಮೀಸೆಗೆ ಸೋಪು ಹಚ್ಚಿಕೊಂಡು ನಿಂತಿದ್ದವನು ಆ ಮಾತನ್ನು ಕೇಳಿ ಒಂದು ಮೊಳ ಬೆಳೆದಿದ್ದ. ಇವತ್ತು ಅದೇ ಜಾಗದಲ್ಲಿ ಕೂತು ಅದೇ ಮಾತು ನೆನೆದರೆ ಮೊಳಕ್ಕೆ ಮೊಳ ಇಳಿಯುವಂತಾಯಿತು. ಕಸುಬು ಹೋಗಿದೆ ಎಂದು ಇರುವೆಗಳಿಗೆ ಗೊತ್ತಾಗಿದೆ. ಅವಳಿಗೆ ಇನ್ನೂ ಗೊತ್ತಿಲ್ಲ.

ಹೊರಗೆ ಬಂದರೆ ಕಾಫಿ ಲೋಟ ಕಾದಿತ್ತು, ಲೋಟದ ಸುತ್ತ ಒಂದು ಚೂರು ಬಟ್ಟೆ ಸುತ್ತಿತ್ತು. ಹೆಂಡತಿ ಕಿಟಕಿಯ ಕೆಳಗೆ ದರ್ಜಿ ಅಂಗಡಿಯಿಂದ ತಂದ ಅಂಗಿಗಳ ಗುಡ್ಡೆಯ ನಡುವೆ ಕೂತು ಕಾಜಾ ಹಾಕುತ್ತಿದ್ದಳು. ಲೋಕದ ಗಂಡಸರೆಲ್ಲ ಎದೆ ಮುಚ್ಚಿಕೊಂಡು ಮಾನವಾಗಿ ಓಡಾಡುತ್ತಿರುವುದು ಇವಳು ಹೊಲಿದ ಗುಂಡಿಗಳಿಂದ ಎಂಬುದು ಅವನ ಇನ್ನೊಂದು ಹೇಳಿಕೆ. ಅವಳು ಎದ್ದು ಬಂದು ಅವನ ಅಂಗಿಯ ಕುತ್ತಿಗೆಯ ಗುಂಡಿ ಹಾಕಿದಳು. "ದಪ್ಪ ಆಗಿದೀರಿ, ನಿಮ್ಮ ಕೈಗೆ ಸಿಗಲ್ಲ" ಎಂದಳು. ಯಾವಾಗಿನಿಂದ ಅವಳು ಹೀಗೆ ಗುಂಡಿ ಹಾಕುತ್ತಿದ್ದಾಳೆ ಎಂದು ಯೋಚಿಸಲು ಹೊರಟು ಅವನು ಯೋಚನೆಯನ್ನು ಅಲ್ಲಿಗೇ ಬಿಟ್ಟ. ಅವಳ ಬೆರಳುಗಳು ಗಂಟಲ ಹತ್ತಿರ ಓಡಾಡುವುದು ಗಂಟಲಿಗೆ ಗೊತ್ತಾಗುತ್ತಿತ್ತು. ಈಗ ಹೇಳಿಬಿಡಬೇಕು. ಇಷ್ಟು ಹತ್ತಿರ ಇದ್ದಾಳೆ, ಪಿಸುಗುಟ್ಟಿದರೂ ಸಾಕು.

"ಸಂಜೆ ಬೇಗ ಬರ್ತೀರಾ?"

"ನೋಡ್ಬೇಕು. ನಿಂಬೆಹುಳಿ ಪೆಪ್ಪರ್‌ಮಿಂಟಿಗೆ ಎಲ್ಲಾ ಕಡೆಯಿಂದ ಕೂಗಾಡ್ತಿದಾರೆ. ನಾನಿಲ್ದೆ ಕೊಪ್ಪರಿಗೆಗೆ ಸೌಟು ಹಾಕೋರೇ ಇಲ್ಲ ಅಲ್ಲಿ."

ಅವಳು ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. "ಹುಷಾರು" ಎಂದಳು.

ದಾರಿಯುದ್ದಕ್ಕೂ ಆ ಸುಳ್ಳು ಅವನ ಪಕ್ಕದಲ್ಲೇ ನಡೆಯಿತು. ನಾನಿಲ್ದೆ. ಅವನಿಲ್ಲದೆ ಕೊಪ್ಪರಿಗೆಗಳು ಚೆನ್ನಾಗಿಯೇ ಕುದಿಯುತ್ತಿದ್ದವು. ಅಂಚಿಗೆ ಸಿಕ್ಕಿಸಿದ ಒಂದು ಗಾಜಿನ ಕಡ್ಡಿ, ಅದರೊಳಗಿನ ಕೆಂಪು ಗೆರೆ ಏರುವುದನ್ನು ನೋಡುತ್ತ ನಿಂತರೆ ಸಾಕು, ಪಾಕ ಬಂತು. ನೋಡುವ ಕೆಲಸ. ಅವನು ತನ್ನ ಜನ್ಮದಲ್ಲಿ ಪಾಕವನ್ನು ನೋಡಿದವನಲ್ಲ. ಪಾಕದ ಎಳೆ ಕಣ್ಣಿಗೆ ಕಂಡಿತು ಎಂದರೆ ಅದು ಆಗಲೇ ಕೈಮೀರಿದೆ ಎಂದು ಅರ್ಥ. ಕಾಣುವುದಕ್ಕೆ ಮುಂಚೆ ತಿಳಿಯಬೇಕು. ತಣ್ಣೀರಿನಲ್ಲಿ ಬೆರಳದ್ದಿ, ಸೌಟಿನ ತುದಿಯಿಂದ ಒಂದು ಹನಿ ತೆಗೆದು, ಕಣ್ಣು ಮುಚ್ಚಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದನ್ನು ಕೂರಿಸಿಕೊಂಡರೆ ಅದು ಮಾತಾಡುತ್ತಿತ್ತು. ಮೊದಲು ನೀರಿನ ಹಾಗೆ ಜಾರುತ್ತಿತ್ತು, ಆಮೇಲೆ ಎಣ್ಣೆಯ ಹಾಗೆ ಸುಳಿಯುತ್ತಿತ್ತು, ಆಮೇಲೆ ಮಗುವಿನ ತುಟಿಯ ಹಾಗೆ ಅಂಟುತ್ತಿತ್ತು. ಅಲ್ಲಿಂದ ಮುಂದೆ ಒಂದು ಉಸಿರಿನಷ್ಟು ಹೊತ್ತು. ಆ ಉಸಿರಿನಲ್ಲಿ ಅವನು "ಇಳಿಸಿ" ಎನ್ನಬೇಕು. ಅಂದ ಮೇಲೆ ದೇವರೇ ಬಂದರೂ ಒಲೆಯ ಮೇಲೆ ಇಡುವಂತಿಲ್ಲ. ಹಳೆಯ ಮಾಲೀಕರು ಬೇರೆಯವರಿಗೆ ಅವನನ್ನು ಪರಿಚಯ ಮಾಡಿಕೊಡುವಾಗ ಹೆಸರು ಹೇಳುತ್ತಿರಲಿಲ್ಲ, ಅವನ ಬಲಗೈಯನ್ನು ಎತ್ತಿ ತೋರಿಸುತ್ತಿದ್ದರು. ಮನೆಯಲ್ಲೂ ಪಾಕ ಅವನದೇ. ಹೆಂಡತಿ ಬೇರೆ ಏನನ್ನಾದರೂ ಮಾಡಲಿ, ಸಕ್ಕರೆ ನೀರು ಒಲೆಗೆ ಏರಿತೆಂದರೆ ಕರೆ ಬರಬೇಕು. ಹೊಸದರಲ್ಲಿ ಅವಳು ಒಮ್ಮೆ ತಾನೇ ಮಾಡಲು ಹೋಗಿ ಪಾತ್ರೆಯನ್ನೇ ಎಸೆಯಬೇಕಾಗಿ ಬಂದಾಗ, ಆ ಗಟ್ಟಿ ಪಾಕದಿಂದ ಎರಡಂತಸ್ತಿನ ಮನೆ ಕಟ್ಟಬಹುದಿತ್ತು ಎಂದು ಅವನು ಹಬ್ಬಿಸಿದ್ದ.

ಕಸುಬು ಹೋದ ಆ ದಿನವೂ ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಹನಿ ಬೆರಳುಗಳ ನಡುವೆ ಇತ್ತು, ಇರಲೇಬೇಕು, ಇಟ್ಟವನು ಅವನೇ. ಆದರೆ ಅದು ಏನನ್ನೂ ಹೇಳಲಿಲ್ಲ. ಜಾರುತ್ತಿದೆಯೆಂದುಕೊಂಡ. "ಇನ್ನೂ ಇಲ್ಲ" ಎಂದ. ಇನ್ನೊಂದು ಹನಿ ತೆಗೆದ. ಅದೂ ಮೂಕ. ಗೋಡೆಯಾಚೆ ಯಾರೋ ಮಾತಾಡುತ್ತಿರುವಂತೆ, ಸದ್ದು ಇದೆ, ಶಬ್ದ ಬಿಡಿಸಿಕೊಳ್ಳುತ್ತಿಲ್ಲ. "ಇನ್ನೂ ಇಲ್ಲ." ಅಷ್ಟು ಹೊತ್ತಿಗೆ ವಾಸನೆ ಬಂತು. ಮೊದಲು ಹುರಿದ ವಾಸನೆ, ಆಮೇಲೆ ಸೀದದ್ದು. ಅದು ಅವನ ಮೂಗಿಗೇ ಬಂದಿತ್ತು. ಆದರೆ ಬೆರಳು ಹೇಳದೆ ಮೂಗಿನ ಮಾತನ್ನು ಹೇಗೆ ಕೇಳುವುದು. ಕಣ್ಣು ತೆರೆದಾಗ ಕಂಡದ್ದು ಕೊಪ್ಪರಿಗೆಯಲ್ಲ, ಜನ. ಒಲೆಯವರು, ಅಚ್ಚಿನವರು, ಕಾಗದ ಸುತ್ತುವವರು, ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಎಲ್ಲರಿಗೂ ವಾಸನೆ ಬಂದಿತ್ತು, ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇಡೀ ಕಾರ್ಖಾನೆ ಸೀಯುವ ಸಕ್ಕರೆಯ ಮುಂದೆ ಕೈಕಟ್ಟಿಕೊಂಡು ಅವನ ಬೆರಳಿನ ಅಪ್ಪಣೆಗೆ ಕಾಯುತ್ತಿತ್ತು. ಬೈದಿದ್ದರೆ, ನಕ್ಕಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಆ ಮರ್ಯಾದೆಯನ್ನು ತಾಳಿಕೊಳ್ಳುವುದು ಆಗಲಿಲ್ಲ. ಮಾಲೀಕರ ಮಗಳು, ಅವಳನ್ನು ಅವನು ಎತ್ತಿ ಆಡಿಸಿದ್ದ, ಬಂದು ತಾನೇ ಒಲೆ ಆರಿಸಿದಳು. "ಸಾಕು ಮಾಮ" ಎಂದಳು, ಮಗುವಿಗೆ ಹೇಳುವಂತೆ. "ನೀವಿನ್ನು ಗೋಡೌನ್ ನೋಡ್ಕೊಳಿ. ಅಲ್ಲೊಂದು ಕುರ್ಚಿ ಹಾಕಿಸ್ತೀನಿ."

ಕುರ್ಚಿ ಹಾಕಿಸಿದಳು. ಒಳ್ಳೆಯ ಕುರ್ಚಿ, ಕೈಯಿಡಲು ಜಾಗವಿದ್ದದ್ದು. ಅದರಲ್ಲಿ ಕೂತು ಅವನು ಖಾಲಿ ರಟ್ಟಿನ ಡಬ್ಬಗಳನ್ನು ನೋಡಿಕೊಳ್ಳುತ್ತಿದ್ದ. ಡಬ್ಬಗಳು ಓಡಿಹೋಗುವ ಜಾತಿಯವಲ್ಲ. ಚಾವಣಿಯವರೆಗೆ ಒಂದರ ಮೇಲೊಂದು ಬಾಯಿ ತೆರೆದುಕೊಂಡು ಕೂತಿದ್ದವು, ಅವನಿಗೆ ಏನೋ ಹೇಳಲು ಹೊರಟು ಮರೆತವರಂತೆ. ಗೋಡೆಯ ಆಚೆ ಕೊಪ್ಪರಿಗೆ ಕೊತಕೊತ ಎನ್ನುವುದು ಕೇಳುತ್ತಿತ್ತು. ಆ ಸದ್ದಿನಿಂದಲೇ ಅವನಿಗೆ ಪಾಕ ಎಷ್ಟು ದೂರ ಬಂದಿದೆ ಎಂದು ಗೊತ್ತಾಗುತ್ತಿತ್ತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಕೇಳುವವರು ಬೇರೆ ಯಾರೂ ಇಲ್ಲದ್ದರಿಂದ ಕೊಚ್ಚಿಕೊಳ್ಳುವುದರಲ್ಲಿ ಸುಖವಿರಲಿಲ್ಲ. ಸಂಜೆ ಮನೆಗೆ ಹೊರಟಾಗ ಅವನ ಮೈ ಅಂಟಿನ ವಾಸನೆ, ರಟ್ಟಿನ ವಾಸನೆ. ರಟ್ಟು ತಿನ್ನಲು ಯಾವ ಇರುವೆ ಬರುತ್ತದೆ.

ಬಚ್ಚಲಲ್ಲಿ ದಾರದ ಚೂರು ಸಿಕ್ಕ ಅವತ್ತು ಮಾತ್ರ ಅವನು ಗೋಡೌನಿನಿಂದ ನೇರ ಮನೆಗೆ ಹೊರಡಲಿಲ್ಲ. ಕೆಲಸ ಮುಗಿದು ಎಲ್ಲರೂ ಕೈತೊಳೆಯಲು ಹೋದಾಗ ಅಚ್ಚಿನ ಕೋಣೆಗೆ ನುಸುಳಿದ. ಪೆಪ್ಪರ್‌ಮಿಂಟುಗಳು ಒಂದಕ್ಕೊಂದು ಅಂಟದಿರಲೆಂದು ಉದುರಿಸುವ ಸಕ್ಕರೆ ಪುಡಿ ಮೇಜಿನ ಮೇಲೆ ಇಬ್ಬನಿಯಂತೆ ಬಿದ್ದಿತ್ತು. ತೋಳು ಮಡಿಚಿ, ಹಿಡಿಹಿಡಿಯಾಗಿ ತೆಗೆದು ಬಳಿದುಕೊಂಡ. ಮೊಣಕೈಗೆ, ಕುತ್ತಿಗೆಗೆ, ಕಿವಿಯ ಹಿಂದೆ. ತನ್ನ ಮೈಗೆ ತನ್ನದೇ ವೇಷ ಹಾಕಿಕೊಳ್ಳುತ್ತಿದ್ದೇನೆ ಎಂಬುದು ಹೊಳೆದು ಕೈ ನಿಂತಿತು. ಆಗಲೇ ಬಾಗಿಲಲ್ಲಿ ಪ್ಯಾಕಿಂಗ್ ಅಕ್ಕ ನಿಂತಿದ್ದಳು.

"ಏನ್ ಪಾಕದಣ್ಣ, ಹೆಣ್ಣು ನೋಡೋಕ್ ಹೊರಟಿದೀಯಾ, ಪೌಡರ್ ಹಚ್ಕೋತಾ ಇದೀಯಾ."

"ಬೆವರು ಜಾಸ್ತಿ ಅಕ್ಕ. ಸಕ್ಕರೆ ಪುಡಿ ಬೆವರಿಗೆ ಒಳ್ಳೇದು. ಡಾಕ್ಟರುಗಳೇ ಹಚ್ಕೋತಾರೆ."

"ಕುರ್ಚಿ ಮೇಲೆ ಕೂತೋನಿಗೆ ಎಲ್ಲಿಂದ ಬೆವರು?" ಎಂದವಳು ಅವನ ಮುಖ ನೋಡಿ ನಗು ನಿಲ್ಲಿಸಿದಳು. ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. "ಅತ್ತಿಗೆಗೆ ಇನ್ನೂ ಹೇಳಿಲ್ವಾ?"

ಲೋಕಕ್ಕೆಲ್ಲ ಸಾಲ ಕೊಡುವಷ್ಟು ಮಾತು ಇಟ್ಟುಕೊಂಡಿದ್ದವನು ತಲೆ ಅಲ್ಲಾಡಿಸಿದ. ಅವಳು ಹತ್ತಿರ ಬಂದು, "ಬೆನ್ನಿಗೆ ಕೈ ಎಟುಕಿಲ್ಲ ನೋಡು" ಎನ್ನುತ್ತ ಅವನ ಕುತ್ತಿಗೆಯ ಹಿಂಭಾಗಕ್ಕೆ ಒಂದು ಹಿಡಿ ಪುಡಿ ಬಡಿದು ಹೋದಳು.

ಮನೆ ಹೊಕ್ಕವನು ಹೆಂಡತಿಗೆ ಮೈ ಚೆನ್ನಾಗಿ ಕಾಣುವಂತೆ ದೀಪದ ಕೆಳಗೆ ಎರಡು ಸುತ್ತು ಸುಮ್ಮನೆ ನಡೆದಾಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಇವತ್ತು ಬಹಳ ಕೆಲಸ ಇತ್ತಾ?" ಎಂದಳು.

"ಕೇಳ್ಬೇಡ. ಇಡೀ ಕಾರ್ಖಾನೆ ನನ್ನ ಬೆರಳ ತುದೀಲಿ ನಿಂತಿತ್ತು."

ಹೇಳಿದ ಮೇಲೆ, ಇದು ಸುಳ್ಳಲ್ಲವಲ್ಲ ಎಂಬುದು ನೆನಪಾಗಿ ಬಾಯಿ ಕಹಿಯಾಯಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮೆಲ್ಲಗೆ, ಒಂದು ಹನಿಯೂ ವ್ಯರ್ಥವಾಗದಂತೆ, ಹೊಸ್ತಿಲ ಬಿರುಕಿನ ಕಡೆಗೇ ಹರಿಯುವಂತೆ ಮೈ ತೊಳೆದುಕೊಂಡ.

ಬೆಳಿಗ್ಗೆ ಬಾಗಿಲು ತೆರೆದರೆ ಇರುವೆಗಳು. ಒಂದಲ್ಲ ಎರಡಲ್ಲ, ಸಾಮ್ರಾಜ್ಯ. ಬಿರುಕಿನಿಂದ ಹೊರಟ ಸಾಲು ನೆಲದ ಮೇಲೆ ನಡುಗುವ ಕರಿಯ ದಾರದಂತೆ ಹರಿದಿತ್ತು, ಎದುರಾದವು ಮುಖಕ್ಕೆ ಮುಖ ತಾಗಿಸಿ ಯೋಗಕ್ಷೇಮ ಕೇಳಿ ಮುಂದೆ ಹೋಗುತ್ತಿದ್ದವು. ಅವನ ಕಣ್ಣು ತುಂಬಿತು. ಸೋಪಿನ ನೊರೆ ಇಲ್ಲದಿದ್ದರೂ ಸೋಪಿನ ನೊರೆ ಎಂದುಕೊಂಡ. "ಲೇ, ಬಾರೇ ಇಲ್ಲಿ" ಎಂದು ಕೂಗಿದ. "ಬಾ ನೋಡು, ನಿನ್ನ ತೌರಿನೋರು ಬಂದಿದಾರೆ."

ಅವಳು ಬಂದಳು. ಕೈಯಲ್ಲಿ ಪೊರಕೆ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಇರುವೆಗಳನ್ನು ಬಿಟ್ಟು ಅವನನ್ನು ನೋಡಿದಳು. "ಬಂದ್ರಾ" ಎಂದಳು, ಅಷ್ಟೆ.

ಬೈಗುಳ ಎಲ್ಲಿ ಹೋಯಿತು ಎಂದು ಅವನಿಗೆ ಕಸಿವಿಸಿಯಾಯಿತು. ಅವಳಿಗೆ ತೋರಿಸಬೇಕೆಂದು ಸಾಲಿನ ಜೊತೆ ಬೆರಳು ಓಡಿಸಿದ. ಸಾಲು ಅವನು ನಿನ್ನೆ ಅಷ್ಟು ಜತನದಿಂದ ಮೈ ತೊಳೆದ ಜಾಗಕ್ಕೆ ಬಂತು. ನಿಲ್ಲಲಿಲ್ಲ. ಮೂಸಿಯೂ ನೋಡದೆ ಮೋರಿಯನ್ನು ದಾಟಿತು, ಗೋಡೆ ಹತ್ತಿತು, ಕಿಟಕಿಯ ಅಂಚಿಗೆ ಹೋಗಿ ಸೋಪಿನ ಡಬ್ಬಿಯ ಹಿಂದೆ ಮರೆಯಾಯಿತು. ಅವನು ಡಬ್ಬಿಯನ್ನು ಸರಿಸಿದ. ಹಿಂದೆ ಒಂದು ಬಾಟಲಿಯ ಮುಚ್ಚಳ, ಮುಚ್ಚಳದಲ್ಲಿ ಕಂದುಬಣ್ಣದ ಏನೋ. ಸುತ್ತ ಇರುವೆಗಳು ಗದ್ದಲ ಹಾಕುತ್ತಿದ್ದವು. ಒಂದೆರಡು ಕಾಲು ಸಿಕ್ಕಿಸಿಕೊಂಡು ಕಿತ್ತುಕೊಳ್ಳಲಾರದೆ ಒದ್ದಾಡುತ್ತಿದ್ದವು. ಅವನು ಮುಚ್ಚಳವನ್ನು ಕೈಗೆತ್ತಿಕೊಂಡ, ಯಾರು ಇಟ್ಟದ್ದೆಂದು ಹೊಳೆಯಿತು. ಆದರೂ ಬಾಯಿಗೆ ಬಂದದ್ದು ಬೇರೆ.

"ಇದ್ಯಾರು ಮಾಡಿದ್ದು ಪಾಕ?"

"ನಾನೇ."

"ಇದು ಪಾಕ ಅಲ್ಲ ಕಣೇ, ಗಾರೆ. ಪಾಪದ ಇರುವೆಗಳು ಕಾಲು ಮುರ್ಕೋತಿದಾವೆ."

"ನನಗೆಲ್ಲಿ ಬರುತ್ತೆ ಪಾಕ. ನಮ್ಮನೇಲಿ ಅದು ನಿಮ್ಮ ಕೆಲಸ ಅಲ್ವಾ. ಮೂರು ಸಲ ಮಾಡ್ದೆ. ಮೊದಲೆರಡು ಸಲದ್ದಕ್ಕೆ ಇವರೂ ಬರ್ಲಿಲ್ಲ, ಅಷ್ಟು ಚೆನ್ನಾಗಿತ್ತು."

ಅವನು ನಗಬೇಕೆಂದಿದ್ದ. ಆಗಲಿಲ್ಲ. ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿಸಿದ. "ಯಾರು ಹೇಳಿದ್ದು ನಿನಗೆ? ಪ್ಯಾಕಿಂಗ್‌ನೋಳಾ?"

"ಯಾರೂ ಹೇಳಿಲ್ಲ. ನೆಂಟರು ಬರೋದು ನಿಲ್ಲಿಸಿದ್ರಲ್ಲ. ಅವತ್ತೇ ಗೊತ್ತಾಯ್ತು." ಅವಳು ಒಳಗೆ ಬಂದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಹೇಳ್ತೀರಿ, ಇವತ್ತು ಹೇಳ್ತೀರಿ ಅಂತ ಕಾದೆ. ನೀವು ನೋಡಿದ್ರೆ ದಿನಾ ಬೆಳಿಗ್ಗೆ ಇಲ್ಲಿ ಕೂತು ಮೋರಿ ನೋಡ್ತೀರಿ. ಸಕ್ಕರೆ ಡಬ್ಬ ಬೇರೆ ಇಳೀತಾ ಇದೆ. ಬಾಗಿಲ ಸಂದೀಲಿ ನೋಡಿ ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಬರ್ಲಿ ಬಿಡು, ನಿಮಗೂ ಒಂದು ಸಮಾಧಾನ ಅಂತ ಇಟ್ಟೆ."

"ಕೇಳ್ಬೋದಿತ್ತಲ್ಲ."

"ಹೇಳ್ಬೋದಿತ್ತಲ್ಲ."

ನಲ್ಲಿಯಿಂದ ಒಂದು ಹನಿ ಬಿತ್ತು. ಎಲ್ಲಿಂದ ಶುರು ಮಾಡುವುದು. ಕುರ್ಚಿಯಿಂದಲೋ, ಸೀದ ಕೊಪ್ಪರಿಗೆಯಿಂದಲೋ, ಕೈಕಟ್ಟಿ ನಿಂತ ಜನದಿಂದಲೋ. ಮಾತನ್ನು ಎಷ್ಟು ದೊಡ್ಡದು ಮಾಡಿ ಹೇಳಿದರೆ ಅವಳಿಗೆ ಚಿಕ್ಕದಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿದ. ಊರಿನ ಬೆಂಕಿಯನ್ನೆಲ್ಲ ಆರಿಸಲು ಹೋಗಿ ಕೈ ಸುಟ್ಟುಕೊಂಡೆ ಎನ್ನಬಹುದಿತ್ತು. ಅವಳ ಮೊಣಕಾಲು ಅವನ ಮೊಣಕಾಲಿಗೆ ತಾಗಿತ್ತು.

"ಬೆರಳಿಗೆ ಗೊತ್ತಾಗ್ತಿಲ್ಲ ಕಣೇ" ಎಂದ. ತನ್ನ ದನಿ ಇಷ್ಟು ಸಣ್ಣದಿದೆ ಎಂದು ಅವನಿಗೆ ತಿಳಿದಿರಲಿಲ್ಲ. "ಏನೂ ಗೊತ್ತಾಗ್ತಿಲ್ಲ."

"ಗೊತ್ತು" ಎಂದಳು ಅವಳು. "ಕುದಿಯೋ ಕಾಫಿ ಲೋಟ ಹಿಡ್ಕೊಂಡು ಕತೆ ಹೇಳ್ತಾ ಕೂತ್ಕೊಳ್ತೀರಿ. ಬೊಬ್ಬೆ ಬಂದಿದ್ದು ನಾನು ನೋಡ್ಬೇಕು. ಗುಂಡಿ ಹಾಕ್ಕೊಳ್ಳೋಕೆ ಹೋಗಿ ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಸಿಕ್ಕಿಸ್ತೀರಿ. ನಾನು ದಿನಾ ಕಾಜಾ ಹಾಕೋಳು, ನನಗೆ ಗೊತ್ತಾಗಲ್ವಾ?"

"ದಪ್ಪ ಆಗಿದೀನಿ ಅಂದಿದ್ದೆ."

"ಅದೂ ಆಗಿದೀರಿ."

ಆಗ ಮುಚ್ಚಳದ ಅಂಚಿನಿಂದ ಒಂದು ಇರುವೆ ದಾರಿ ತಪ್ಪಿ ಅವನ ತೋರುಬೆರಳಿಗೆ ಹತ್ತಿತು. ಅವನಿಗೆ ಅದು ಕಂಡಿತು, ಕಂಡದ್ದಷ್ಟೇ. ಅಷ್ಟು ಕಾಲುಗಳು ಓಡಾಡುತ್ತಿದ್ದರೂ ಬೆರಳು ಯಾರದೋ ಬೆರಳಿನಂತೆ ಸುಮ್ಮನಿತ್ತು. ಕೊಡವಲು ಹೋದವನ ಮುಂಗೈಯನ್ನು ಹೆಂಡತಿ ಹಿಡಿದುಕೊಂಡಳು. "ಇರಿ" ಎಂದಳು. "ಕಣ್ಣು ಮುಚ್ಚಿ."

"ಯಾಕೆ?"

"ಮುಚ್ಚಿ ಅಂದ್ರೆ ಮುಚ್ಚಿ. ಕೊಪ್ಪರಿಗೆ ಮುಂದೆ ಮುಚ್ತಿರ್ಲಿಲ್ವಾ?"

ಮುಚ್ಚಿದ. ಕತ್ತಲೆಯಲ್ಲಿ ಅವಳ ಉಸಿರು, ಸೋಪಿನ ವಾಸನೆ, ದೂರದಲ್ಲಿ ಯಾರದೋ ಸೈಕಲ್ ಗಂಟೆ.

"ತೋರುಬೆರಳಿನ ತುದೀಲಿದೆ" ಎಂದಳು ಅವಳು. "ಉಗುರಿನ ಹತ್ರ ನಿಂತು ಯೋಚನೆ ಮಾಡ್ತಿದೆ. ಹ್ಞಾಂ, ಹೊರಡ್ತು. ನಡು ಗೆಣ್ಣಿಗೆ ಬಂತು. ಗೊತ್ತಾಯ್ತಾ?"

"ಇಲ್ಲ."

"ಪಕ್ಕದ ಬೆರಳಿಗೆ ಹಾರ್ಕೊಳ್ತು. ಇದಕ್ಕೆ ಏನು ಅವಸರವೋ, ನಿಮ್ಮ ಹಾಗೇ. ಈಗ ಅಂಗೈಲಿದೆ. ಆ ಸುಟ್ಟ ಗಾಯದ ಕಲೆ ಇದೆಯಲ್ಲ, ಅದನ್ನ ಸುತ್ತು ಹಾಕ್ತಿದೆ. ಗೊತ್ತಾಯ್ತಾ?"

"ಇಲ್ಲ ಕಣೇ."

"ಆಗ್ಲಿ ಬಿಡಿ. ಹೆಬ್ಬೆರಳಿನ ಬುಡಕ್ಕೆ ಬಂತು. ಈಗ ಮಣಿಕಟ್ಟು."

ಅವನು ಉಸಿರು ಬಿಗಿಹಿಡಿದ. ಎಲ್ಲೋ ಬಹಳ ದೂರದಲ್ಲಿ, ಗೋಡೆಯಾಚೆ ಆಡಿದ ಮಾತು ಕೊನೆಗೂ ಬಿಡಿಸಿಕೊಂಡಂತೆ, ಒಂದು ಸಣ್ಣ ಕಚಗುಳಿ ಎದ್ದಿತು. ಮೇಲೆ ಬಂತು. ತೋಳಿನ ಒಳಬದಿಗೆ ತಿರುಗಿತು. ಅವಳು ಏನೂ ಹೇಳುತ್ತಿರಲಿಲ್ಲ, ಹೇಳಬೇಕಾಗಿರಲಿಲ್ಲ.

"ಇಲ್ಲಿಂದ" ಎಂದ. "ಇಲ್ಲಿಂದ ಗೊತ್ತಾಗ್ತಿದೆ."

"ಇಲ್ಲಿಂದಾನಾ?" ಅವಳ ಬೆರಳು ಅದೇ ಜಾಗದ ಹತ್ತಿರ ಬಂದು ಕೂತಿತು. ಅದೂ ಗೊತ್ತಾಯಿತು. ಎರಡನ್ನೂ ಬೇರೆಬೇರೆಯಾಗಿ ಹೇಳಬಲ್ಲವನಾಗಿದ್ದ, ಕಣ್ಣು ಮುಚ್ಚಿಕೊಂಡೇ, ಲೋಕದಲ್ಲಿ ಯಾರೂ ಹೇಳಲಾರದಷ್ಟು ಖಚಿತವಾಗಿ: ಇದು ಇರುವೆ, ಇದು ಅವಳು. ಆಗ ಮೊಣಕೈಯ ಮಡಿಕೆಯಲ್ಲಿ ಚುರುಕ್ಕೆಂದಿತು.

"ಕಚ್ತು" ಎಂದ ಅವನು, ದೊಡ್ಡ ಮರ್ಯಾದೆ ಸಿಕ್ಕವನಂತೆ.

"ಕಚ್ದೆ ಇನ್ನೇನು ಮಾಡುತ್ತೆ" ಎಂದಳು ಹೆಂಡತಿ, ಪೊರಕೆಗೆ ಕೈ ಚಾಚುತ್ತ. "ನಿಮ್ಮ ಕಡೆಯೋರೇ ಅಲ್ವಾ."